ಆ ಸಾಲಿಗೆ ಸುಮ್ನೆ ಎಂಟರ್ ಒತ್ತಬೇಡಿ

(ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಗಿಟ್ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡೋಕೆ ದಿನಾ ಬಳಸುತ್ತೀರಿ. ನಾನು ಬಂದದ್ದು ಒಂದೇ ಒಂದು ಸಾಲಿನ ಬಗ್ಗೆ ಮಾತಾಡೋಕೆ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗೋಕೆ ಎಸ್‌ಎಸ್‌ಎಚ್ ಇದೆ. ಪಾಸ್‌ವರ್ಡ್ ಬದಲು ಅದರಲ್ಲಿ ಬಳಸುವ ಜೋಡಿ ಫೈಲೇ ಕೀ: ಪ್ರೈವೇಟ್ ನಮ್ಮಲ್ಲೇ, ಪಬ್ಲಿಕ್ ಆ ಕಡೆ. ಈ ಕೀ ಮಾಡುವಾಗ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಪಾಸ್‌ಫ್ರೇಸ್ ಕೇಳುತ್ತದೆ, ಕೀ ಫೈಲಿಗೇ ಹಾಕುವ ಉದ್ದನೆಯ ಪಾಸ್‌ವರ್ಡ್ ಅದು. ಬೇಡವಾದರೆ ಖಾಲಿ ಬಿಡಿ ಅಂತಲೂ ಅದೇ ಹೇಳುತ್ತದೆ. ನಾವೇನು ಮಾಡ್ತೀವಿ? ಎಂಟರ್, ಮತ್ತೆ ಎಂಟರ್. ಮುಗೀತು.

ಹೋದ ವರ್ಷ ಫೈನಲ್ ಇಯರ್ ಹುಡುಗನೊಬ್ಬ ಬಂದಿದ್ದ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಕೊಡಬೇಕಿತ್ತು. ಅವಸರದಲ್ಲಿ ಡೆಸ್ಕ್‌ಟಾಪ್‌ನ ಹೋಮ್ ಫೋಲ್ಡರನ್ನೇ ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಟಿಳಕವಾಡಿಯ ಝೆರಾಕ್ಸ್ ಅಂಗಡಿಗೆ ಓಡಿದ್ದಾನೆ. ಸಬ್ಮಿಷನ್ ವಾರ ಅಲ್ಲಿ ಗದ್ದಲ ಹೇಗಿರುತ್ತೆ ನಿಮಗೇ ಗೊತ್ತು. ಎಲ್ಲರ ಪೆನ್‌ಡ್ರೈವೂ ಒಂದೇ ಡಬ್ಬಿಯಲ್ಲಿ. ಸಂಜೆ ಹೋದರೆ ಇವನದು ಇಲ್ಲ.

“ರಿಪೋರ್ಟ್ ಪ್ರಿಂಟ್ ಆಗೇತ್ರಿ ಮೇಡಂ, ಪೆನ್‌ಡ್ರೈವ್ ಹೋದ್ರ ಹೋಗ್ಲಿ ಬಿಡ್ರಿ” ಅಂದ.

“ತಮ್ಮಾ, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್?” ಅಂತ ಕೇಳಿದೆ. ಕೀ ಇರುವುದು ಅಲ್ಲೇ. ಅವನ ಮುಖ ಬಿಳಚಿತು. ಚುಕ್ಕೆಯಿಂದ ಶುರುವಾಗುವ ಫೋಲ್ಡರ್ ಕಣ್ಣಿಗೆ ಬೀಳಲ್ಲ, ಆದರೆ ಉಳಿದವುಗಳ ಜತೆ ಕಾಪಿ ಆಗುತ್ತೆ. ಕೀಗೆ ಪಾಸ್‌ಫ್ರೇಸ್ ಇರಲಿಲ್ಲ. ಪೆನ್‌ಡ್ರೈವ್ ಸಿಕ್ಕವರು ಇವನ ಹೆಸರಲ್ಲೇ ಇಡೀ ತಂಡದ ಕೋಡ್ ತೆಗೆದುಕೊಳ್ಳಬಹುದು, ಅಳಿಸಲೂಬಹುದು. ಮೊದಲು ತಂಡದ ಕೋಡ್ ಇಟ್ಟಿದ್ದ ಗಿಟ್‌ಹಬ್ ಜಾಲತಾಣದ ಸೆಟ್ಟಿಂಗ್ಸ್‌ಗೆ ಹೋಗಿ ಆ ಕೀ ತೆಗೆಸಿದೆ. ಚಹಾ ಆಮೇಲೆ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಇಂಥ ಕಳ್ಳತನದಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಹಿಡಿದರು. ಅದಾದ ಮೇಲೆ ಟಾಟು ಯುಲೊನೆನ್ ಇದನ್ನು ಬರೆದ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಕೂಡ ಪುಶ್ ಮಾಡೋಕೆ, ಅಂದರೆ ಕೋಡ್ ಕಳಿಸೋಕೆ, ಅಕೌಂಟ್ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. ಹಾಗಾಗಿ ಎಷ್ಟೋ ಜನ ಕೀ ಮಾಡಿಕೊಂಡರು. ಒಳ್ಳೇದೇ. ಆದರೆ ಪಾಸ್‌ಫ್ರೇಸ್ ಇಲ್ಲದ ಪ್ರೈವೇಟ್ ಕೀ ಬೀಗಕ್ಕೇ ಸಿಕ್ಕಿಸಿಟ್ಟ ಬೀಗದ ಕೈ ಇದ್ದ ಹಾಗೆ. ಪಾಸ್‌ಫ್ರೇಸ್ ಹಾಕಿದರೆ ಫೈಲ್ ಗೂಢಲಿಪಿಯಲ್ಲಿ ಕೂರುತ್ತದೆ, ಕದ್ದವನಿಗೆ ಹಾಗೇ ಉಪಯೋಗಕ್ಕೆ ಬರುವುದಿಲ್ಲ. ಪಾಸ್‌ಫ್ರೇಸ್ ಗಿಟ್‌ಹಬ್‌ಗೂ ಹೋಗಲ್ಲ, ನಿಮ್ಮ ಮಷೀನಲ್ಲೇ ಅದರ ಕೆಲಸ ಮುಗಿಯುತ್ತದೆ.

ಈಗ ಮಾಡಿ ನೋಡಿ. ಎಸ್‌ಎಸ್‌ಎಚ್-ಕೀಜೆನ್, ಆಮೇಲೆ ಡ್ಯಾಶ್ ಟಿ, ಇಡಿ25519. ಇದು ಕೀ ಮಾಡುವ ಕಮಾಂಡ್, ಕೊನೆಯದು ಕೀಯ ಬಗೆ. ಪಾಸ್‌ಫ್ರೇಸ್ ಕೇಳಿದಾಗ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಹಾಕಿ. ಗಾದೆ ಬೇಡ, ವಚನದ ಸಾಲು ಬೇಡ, ಅವು ಎಲ್ಲರಿಗೂ ಗೊತ್ತು. ಬೆಳಗಾವಿ ಕುಂದಾ ಅಂತೂ ಬೇಡವೇ ಬೇಡ! ಟೈಪ್ ಮಾಡುವಾಗ ಸ್ಕ್ರೀನ್ ಮೇಲೆ ಒಂದು ಚುಕ್ಕೆಯೂ ಮೂಡಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಹಾಗೇ. ಸುಮ್ನೆ ಎಂಟರ್ ಮಾತ್ರ ಒತ್ತಬೇಡಿ.

“ಪ್ರತಿ ಪುಶ್‌ಗೂ ಟೈಪ್ ಮಾಡಬೇಕಾ?” ಅಂತ ಹಿಂದಿನ ಸಾಲಿನಿಂದ ಕೇಳ್ತಿದ್ದಾರೆ. ಬೇಡ. ಹಿನ್ನೆಲೆಯಲ್ಲಿ ಕೀ ಕಾಯುವ ಎಸ್‌ಎಸ್‌ಎಚ್-ಏಜೆಂಟ್ ಅನ್ನೋ ಪ್ರೋಗ್ರಾಂ ಇದೆಯಲ್ವಾ? ಎಸ್‌ಎಸ್‌ಎಚ್-ಆ್ಯಡ್ ಕೊಟ್ಟು ಒಮ್ಮೆ ಪಾಸ್‌ಫ್ರೇಸ್ ಹೇಳಿದರೆ ಕೀಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಹತ್ತು ಜನ ಕೂರುವ ಲ್ಯಾಬಿನಲ್ಲಾದರೆ ಎಸ್‌ಎಸ್‌ಎಚ್-ಆ್ಯಡ್‌ಗೆ ಡ್ಯಾಶ್ ಟಿ 3600 ಸೇರಿಸಿ, ಅಷ್ಟು ಸೆಕೆಂಡಿಗೆ, ಅಂದರೆ ಒಂದು ಗಂಟೆಗೆ ತಾನೇ ಮರೆಯುತ್ತದೆ.

ಸಮಯ ಆಯ್ತು ಅಂತ ಚೀಟಿ ಬಂತು. ಬೇಗ ಹೇಳಿಬಿಡ್ತೀನಿ. ಒಂದೊಂದು ಮಷೀನಿಗೂ ಬೇರೆ ಬೇರೆ ಕೀ ಇರಲಿ. ಪ್ರೈವೇಟ್ ಫೈಲಿನ ಪರ್ಮಿಷನ್ 600 ಇರಲಿ, ಅಂದರೆ ನೀವು ಮಾತ್ರ ಓದಿ ಬರೆಯುವ ಹಾಗೆ. ಗಿಟ್‌ಹಬ್‌ಗೆ ಹಾಕುವುದು ಡಾಟ್ ಪಬ್ ಫೈಲ್, ಅಂದರೆ ಪಬ್ಲಿಕ್ ಕೀ ಮಾತ್ರ.

ಈಗಾಗಲೇ ಖಾಲಿ ಬಿಟ್ಟವರು ಹೊಸ ಕೀ ಮಾಡಬೇಕಿಲ್ಲ. ಎಸ್‌ಎಸ್‌ಎಚ್-ಕೀಜೆನ್ ಡ್ಯಾಶ್ ಪಿ ಸಾಕು, ಹಳೆ ಕೀಗೇ ಪಾಸ್‌ಫ್ರೇಸ್ ಹಾಕುತ್ತದೆ. ಪಬ್ಲಿಕ್ ಕೀ ಬದಲಾಗಲ್ಲ, ಗಿಟ್‌ಹಬ್‌ನಲ್ಲಿ ಏನೂ ಮುಟ್ಟಬೇಕಿಲ್ಲ. ಲ್ಯಾಪ್‌ಟಾಪ್ ತಂದವರು ಮುಂದೆ ಬನ್ನಿ, ಊಟಕ್ಕೆ ಏಳುವ ಮೊದಲು ಮಾಡಿಬಿಡೋಣ.