ಮೈಯಾಗ ಯಾವಾಗ್ಲೂ 37 ಡಿಗ್ರಿ, ಹೆಂಗ್ರಿ ಇದು?

ಎಲ್ಲಾರಿಗೂ ನಮಸ್ಕಾರ್ರಿ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿ ದುರ್ಗದಬೈಲ್‌ನಾಗ ನಿಂತೀರಿ ಅಂತ ಇಟ್ಕೋರಿ, ಹೊರಗ 38 ಡಿಗ್ರಿ. ಡಿಸೆಂಬರ್ ಮುಂಜಾನೆ ಧಾರವಾಡದ ಕೆಲಗೇರಿ ಕೆರಿ ದಂಡಿಗೆ ವಾಕಿಂಗ್ ಹೊಂಟೀರಿ, ಹೊರಗ 15. ಎರಡೂ ಹೊತ್ತಿನ್ಯಾಗ ನಿಮ್ಮ ಮೈ ಒಳಗ ಎಷ್ಟು? ಹೆಚ್ಚುಕಮ್ಮಿ 37!

[ಸ್ಕ್ರೀನ್ ಮ್ಯಾಲೆ: ಹೋಮಿಯೋಸ್ಟಾಸಿಸ್]

ಹೊರಗ ಏನರೆ ಆಗ್ಲಿ, ಒಳಗ ದೇಹ ಹಿಂಗ ಒಂದ ಹದ ಕಾಯ್ಕೊಳ್ಳೂದಕ್ಕ ಹೋಮಿಯೋಸ್ಟಾಸಿಸ್ ಅಂತಾರ. ಈ ಹೆಸರು ಕೊಟ್ಟಾವ ಅಮೇರಿಕಾದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್, 1926ರಾಗ. ರಕ್ತದಾಗಿನ ಸಕ್ಕರಿ, ಉಪ್ಪು, ನೀರು ಎಲ್ಲಾದಕ್ಕೂ ದೇಹ ಒಂದೊಂದು ಲಿಮಿಟ್ ಇಟ್ಕೊಂಡಿರ್ತೈತಿ, ಪೇಡೆ ತಿಂದು ಸಕ್ಕರಿ ಏರಿದ್ರ ಇನ್ಸುಲಿನ್ ಇಳಸ್ತೈತಿ, ಉಪವಾಸದಾಗ ಇಳದ್ರ ಗ್ಲುಕಗಾನ್ ಅನ್ನೂ ಇನ್ನೊಂದು ಹಾರ್ಮೋನು ಏರಸ್ತೈತಿ. ಅದು ಇರ್ಲಿ, ಇವತ್ತು ಬಿಸಿ ಕಥಿ ಅಷ್ಟ ನೋಡೋಣ.

ಮೆದುಳಿನ ತಳದಾಗ ಹೈಪೋಥಾಲಮಸ್ ಅಂತ ಸಣ್ಣ ಭಾಗ ಐತಿ. ರಕ್ತ ಸ್ವಲ್ಪ ಬಿಸಿ ಆತಂದ್ರ ಸಾಕು, ಚರ್ಮದ ರಕ್ತನಾಳ ಅಗಲ ಮಾಡಸ್ತೈತಿ, ಬೆವರು ಹರಸ್ತೈತಿ. ಆದ್ರ ಬರೇ ಬೆವರು ಬಂದ್ರ ತಂಪಾಗಂಗಿಲ್ರಿ, ಅದು ಆರಬೇಕು. ಒಂದು ಲೀಟರ್ ಬೆವರು ಮೈಮ್ಯಾಲೆ ಆರಿದ್ರ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೊತ್ಕೊಂಡು ಹೋಗ್ತೈತಿ, ಮಣ್ಣಿನ ಗಡಿಗ್ಯಾಗಿನ ನೀರು ತಣ್ಣಗಾಗೂದೂ ಹಿಂಗ. ಅದಕ್ಕ ನೋಡ್ರಿ ನಮ್ಮ ಗದಗ ಕಡೆ ಒಣ ಬಿಸಲು ಹೆಂಗೋ ತಡ್ಕೋತೀವಿ, ಕಾರವಾರಕ್ಕ ಹೋದ್ರ 33ರಾಗ ಜೀವ ಸಾಕಾಗ್ತೈತಿ, ಗಾಳ್ಯಾಗ ಮೊದ್ಲ ಪಸಿ ತುಂಬಿರ್ತೈತಲ್ಲ, ಬೆವರು ಆರೂದಿಲ್ಲ, ಸುಮ್ನ ಇಳೀತೈತಿ.

ಇತ್ತ ನೀರು ಹೋತಲ್ಲ, ಕಿಡ್ನಿ ಏನ್ ಮಾಡ್ತೈತಿ? ಎರಡೂ ಕಿಡ್ನಿ ಕೂಡಿ ರಕ್ತದಿಂದ ದಿನಾ ಹತ್ರತ್ರ 180 ಲೀಟರ್ ನೀರಂಶ ಸೋಸ್ತಾವ, ಒಂದೂವರೆ ಲೀಟರ್ ಆಸುಪಾಸು ಅಷ್ಟ ಉಚ್ಚಿ ಆಗಿ ಹೊರಗ ಬಿಡ್ತಾವ, ಉಳದದ್ದೆಲ್ಲಾ ರಕ್ತಕ್ಕ ವಾಪಸ್. ಮೈಯಾಗ ನೀರು ಕಮ್ಮಿ ಆದ್ರ ನೀರು ಉಳಸೂ ಎಡಿಎಚ್ ಅನ್ನೂ ಹಾರ್ಮೋನು ಬಂದು ನೀರು ಹೊರಗ ಹೋಗೂದನ್ನ ಇನ್ನೂ ಬಿಗಿ ಮಾಡ್ತೈತಿ, ಅದಕ್ಕ ಬ್ಯಾಸಗ್ಯಾಗ ಉಚ್ಚಿ ಗಾಢ ಹಳದಿ. (ಇಷ್ಟು ಸೋಸೂ ಮಷೀನ್ ಪುಕ್ಕಟೆ ಇಟ್ಕೊಂಡು ರೊಕ್ಕ ಕೊಟ್ಟು ಡಿಟಾಕ್ಸ್ ಜ್ಯೂಸ್ ಯಾಕ್ರಿ? ಉಪ್ಪು ಹಾಕಿದ ಮಜ್ಜಿಗಿ ಕುಡೀರಿ.)

ಈಗ ಮಜಾ ವಿಷಯ. ಜ್ವರ ಬಂದಾಗ ಮೈ ಸುಡ್ತಿರ್ತೈತಿ, ಆದ್ರ ನಾವು ಕೌದಿ ಹೊಚ್ಕೊಂಡು ಗಡಗಡ ನಡಗ್ತೀವಿ, ಯಾಕ? ಸೋಂಕು ಆದಾಗ ಹೈಪೋಥಾಲಮಸ್ ತನ್ನ ಸೆಟ್ಟಿಂಗನ್ನ 39ಕ್ಕ ಏರಸಿರ್ತೈತಿ, ಹಂಗಾಗಿ 38 ಇದ್ದ ಮೈ ಅದರ ಲೆಕ್ಕದಾಗ ತಣ್ಣಗ! ಸ್ನಾಯು ನಡಗಿಸಿ ಬಿಸಿ ಮಾಡ್ತೈತಿ. ಪ್ಯಾರಾಸಿಟಮಾಲ್ ಆ ಸೆಟ್ಟಿಂಗ್ ಇಳಸ್ತೈತಿ, ಆಗ ಬೆವರು ಕಿತ್ಕೊಂಡು ಬರ್ತೈತಿ.

ಬಿಸಲು ಬಡದದ್ದು ಹಂಗಲ್ಲ. ಅಲ್ಲಿ ಸೆಟ್ಟಿಂಗ್ 37ಕ್ಕ ಐತಿ, ದೇಹಕ್ಕ ಬಿಸಿ ಹೊರಗ ಹಾಕಾಕ ಆಗವಲ್ದು, ಅದಕ್ಕ ಪ್ಯಾರಾಸಿಟಮಾಲ್ ನಡಿಯಂಗಿಲ್ಲ. ಹೊಲದಾಗೋ ಜಾತ್ರ್ಯಾಗೋ ಯಾರರೆ ಮೈ ಕೆಂಡದಂಗ ಆಗಿ ಏನೇನೋ ಬಡಬಡಿಸಾಕತ್ರ 108ಕ್ಕ ಫೋನ್ ಹಚ್ರಿ, ನೆರಳಿಗೆ ಒಯ್ದು ಬಟ್ಟಿ ಸಡಲ ಮಾಡಿ ಮೈಮ್ಯಾಲೆ ನೀರು ಹಾಕಿ ಗಾಳಿ ಬೀಸ್ರಿ. ಎಚ್ಚರ ಇಲ್ದಾವ್ರ ಬಾಯಾಗ ನೀರು ಸುರೀಬ್ಯಾಡ್ರಿ, ಉಸಿರಿನ ದಾರಿಗೆ ಹೋಗ್ತೈತಿ.