ಡಿಬಗ್ಗರ್‌ನಲ್ಲಿ ಶಿರಸಿ ಶಿರಸಿಯಾಗಿಯೇ ಕಾಣಬೇಕು

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಕೇಳಿದ್ದಾರೆ: ‘ಡಿಬಗ್ ಮಾಡುವಾಗ, ಅಂದರೆ ಪ್ರೋಗ್ರಾಂನ ತಪ್ಪು ಹುಡುಕುವಾಗ, ಕನ್ನಡ ಯಾಕೆ ಬೇಕು? ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದರೆ ಸಾಲದೇ?’ ಸಾಲದು. ಯಾಕೆಂದು ಇವತ್ತು ಹೇಳಿಯೇ ಏಳುತ್ತೇನೆ.

ಊರುಗಳ ಪಟ್ಟಿಯಲ್ಲಿ ಹೆಸರು ಹುಡುಕುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೆ. ಶಿರಸಿ ಮಾತ್ರ ಸಿಗುತ್ತಲೇ ಇರಲಿಲ್ಲ. ಕೋಡ್ ಬರೆಯುವ ಎಡಿಟರ್ ಒಳಗಿನಿಂದ ಜಿಡಿಬಿ ಎಂಬ ಡಿಬಗ್ಗರ್ ಓಡಿಸಿ, ನಾನು ಹುಡುಕಿದ ಹೆಸರು ಮತ್ತು ಪಟ್ಟಿಯಲ್ಲಿದ್ದ ಹೆಸರು, ಎರಡೂ ಸ್ಟ್ರಿಂಗ್‌ಗಳನ್ನು (ಅಕ್ಷರಗಳ ಸರಣಿ) ತೆರೆದೆ. ಕಂಡದ್ದು \340\262\266\340\262\277, ಹೀಗೇ ಉದ್ದಕ್ಕೆ. ಶ, ರ, ಸ ಮತ್ತು ಎರಡು ಗುಣಿಸು ಸೇರಿ ಐದು ಯೂನಿಕೋಡ್ ಸಂಕೇತಗಳು, ಒಂದೊಂದಕ್ಕೆ ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ 3 ಬೈಟ್, ಒಂದು ಬೈಟಿಗೆ ಬ್ಯಾಕ್‌ಸ್ಲ್ಯಾಶ್ ಸೇರಿ 4 ಚಿಹ್ನೆ. ಮೂರಕ್ಷರದ ಊರಿಗೆ 60 ಚಿಹ್ನೆಗಳ ಬಾಲ! ಬೆರಳಿಟ್ಟು ಹೋಲಿಸುತ್ತ ಒಂದು ಸಂಜೆಯೇ ಹೋಯಿತು. ಒಂದರಲ್ಲಿ 266, ಇನ್ನೊಂದರಲ್ಲಿ 270. ಅಷ್ಟೇ ವ್ಯತ್ಯಾಸ. ಪಟ್ಟಿಯಲ್ಲಿ ಯಾರೋ ‘ಸಿರಸಿ’ ಎಂದು ಬರೆದಿದ್ದರು. ಕನ್ನಡದಲ್ಲಿ ಕಂಡಿದ್ದರೆ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತಿತ್ತು.

ಜಿಡಿಬಿಯ ಎಂಐ ಎನ್ನುವುದು ಡಿಬಗ್ಗರ್ ಎಡಿಟರಿನೊಂದಿಗೆ ಮಾತಾಡುವ ಭಾಷೆ. ದಾರಿಯುದ್ದಕ್ಕೂ ಬೈಟುಗಳು ಆಕ್ಟಲ್ ವೇಷದಲ್ಲಿ, ಅಂದರೆ 340, 262ರಂಥ ಎಂಟರ ಲೆಕ್ಕದ ಅಂಕಿಗಳಾಗಿ ಬರಲಿ, ತಕರಾರಿಲ್ಲ. ಮನೆ ಸೇರಿದ ಮೇಲೆ ವೇಷ ಕಳಚಬೇಕು. ಕಳಚುವುದು ಎಡಿಟರಿನ ಕೆಲಸ, ನನ್ನ ಕಣ್ಣಿನದಲ್ಲ.

ಕಳಚುವುದಕ್ಕೂ ಒಂದು ಕ್ರಮವಿದೆ. ಮೊದಲು ಬೈಟುಗಳನ್ನೆಲ್ಲ ಕೂಡಿಸಿಕೊಳ್ಳಿ, ಆಮೇಲೆ ಒಟ್ಟಾಗಿ ಯುಟಿಎಫ್-8 ಎಂದು ಓದಿ. ಬೈಟಿಗೊಂದು ಅಕ್ಷರ ಮಾಡಿದಿರೋ, ನಮ್ಮ ‘ಶ’ ಹೋಗಿ ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ಅಕ್ಷರ, ಪುಟ್ಟದೊಂದು 2, ಪ್ಯಾರಾ ಗುರುತು ಸಾಲಾಗಿ ಕೂರುತ್ತವೆ. ಎಡದಿಂದ ಬಲಕ್ಕೇ ನಡೆಯಿರಿ. ಎರಡು ಬ್ಯಾಕ್‌ಸ್ಲ್ಯಾಶ್ ಜೋಡಿಯಾಗಿ ಬಂದರೆ ಅದು ಸ್ಟ್ರಿಂಗಿನ ಸ್ವಂತ ಬ್ಯಾಕ್‌ಸ್ಲ್ಯಾಶ್. ಮುಂದಿನ 340 ಬರಿಯ ಅಂಕಿ. ಬ್ಯಾಕ್‌ಸ್ಲ್ಯಾಶ್ ಮತ್ತು ಮೂರಂಕಿ ಕಂಡಲ್ಲೆಲ್ಲ ಬದಲಿಸುವ ರೆಗೆಕ್ಸ್ (ಮಾದರಿ ಹುಡುಕುವ ಸೂತ್ರ) ಇಲ್ಲಿಯೇ ಎಡವುತ್ತದೆ. ಹೀಗೆ ಬಿಡಿಸಿ ಓದಲು ನಾನು ಬರೆದ ಪಾರ್ಸರಿನ ಕೊಂಡಿ ವಿವರಣೆಯಲ್ಲಿದೆ, ದಯವಿಟ್ಟು ಬಳಸಿ ನೋಡಿ.

ಇದೇನು ಆಗದ ಕೆಲಸವೇ? ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ 2016ರ 25.1 ಆವೃತ್ತಿಯಿಂದಲೇ ಈ ವೇಷ ಕಳಚುವ ಜಿಡಿಬಿ-ಎಂಐ-ಡಿಕೋಡ್-ಸ್ಟ್ರಿಂಗ್ಸ್ ಎಂಬ ಆಯ್ಕೆಯಿದೆ. ‘ಸ್ಟ್ರಿಂಗ್ ಯುಟಿಎಫ್-8ರಲ್ಲಿ ಇಲ್ಲದಿದ್ದರೆ?’ ಅದಕ್ಕೆ ಬೇರೆ ಎನ್‌ಕೋಡಿಂಗಿನ ಹೆಸರು ಕೊಡಿ. ‘ಬೈಟನ್ನೇ ನೋಡಬೇಕಾದವರು?’ ಜಿಡಿಬಿಯಲ್ಲಿ ಮೆಮೊರಿ ತೋರಿಸುವ ಎಕ್ಸ್ ಆಜ್ಞೆ ಇದೆಯಲ್ಲ! ಅವರ ಒಂದು ದಿನದ ಅಗತ್ಯಕ್ಕೆ ನಾನು ದಿನಾ ಅಂಕಿ ಎಣಿಸಬೇಕೇ?

ಇಂಗ್ಲಿಷಿನಲ್ಲಿ ಪರೀಕ್ಷಿಸಿ ಎಂದವರೇ, ‘ಶ’ ಇರುವಲ್ಲಿ ‘ಸ’ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹಿಡಿಯುತ್ತೀರಿ? ಹೇಳಿ. ನನ್ನ ಡೇಟಾ ಕನ್ನಡ, ನನ್ನ ತಪ್ಪೂ ಕನ್ನಡದ್ದು, ಅದು ಕನ್ನಡದಲ್ಲಿಯೇ ಕಾಣಬೇಕು. ಕಾಣಲೇಬೇಕು. ಇದರಲ್ಲಿ ವಾದಕ್ಕೇನಿದೆ? ಚಾನೆಲ್‌ಗೆ ಇನ್ನೂ ಚಂದಾದಾರರಾಗಿಲ್ಲದವರು ಆಗಿ, ಇಂತಹ ಎಡಿಟರ್ ಬಳಸುವ ಗೆಳೆಯರಿಗೂ ಕಳುಹಿಸಿ. ಈಗ ಪರದೆಗೆ ಬನ್ನಿ, ಅದೇ ಪಟ್ಟಿಯನ್ನು ಮತ್ತೆ ತೆರೆಯುತ್ತಿದ್ದೇನೆ.