ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಇರಬೇಕು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್‌ನ ಇಂಜೆಕ್ಷನ್ ಅಥವಾ ಜೆಲ್ ತೆಗೆದುಕೊಳ್ಳುತ್ತಿರುವ ಗಂಡಸರಿಗೆ. ಮನೆಯವರೂ ಕೇಳಿಸಿಕೊಳ್ಳಿ. ಇಂಥ ವಿಷಯದಲ್ಲಿ ಗಂಡಸರು ಡಾಕ್ಟರ ಮುಂದೆ ಬಾಯಿ ಬಿಡುವುದು ಕಡಿಮೆ.

ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಈಸ್ಟ್ರಡಯಾಲ್ ಅಂತ ಒಂದು ಸಾಲು (ಈಸ್ಟ್ರೋಜನ್‌ನ ಮುಖ್ಯ ರೂಪ ಅದೇ), ಅದರ ಮುಂದೆ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ. ಅಷ್ಟೇ, ನಿದ್ದೆ ಹಾರಿಹೋಗುತ್ತದೆ. "ಡಾಕ್ಟ್ರೇ, ಇದು ಹೆಂಗಸರ ಹಾರ್ಮೋನ್ ಅಲ್ವಾ? ನನಗ್ಯಾಕೆ ಬಂತು? ಇಳಿಸೋ ಮಾತ್ರೆ ಬರೆದುಕೊಡಿ." ಕೆಲವರು ಕೇಳುವುದೂ ಇಲ್ಲ, ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ಅನಾಸ್ಟ್ರಜೋಲ್ ನುಂಗಿಕೊಂಡೇ ಬರುತ್ತಾರೆ. ಅದು ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ ಕೊಡುವ ಔಷಧಿ ಸ್ವಾಮಿ! ಪೆಪ್ಪರಮಿಂಟ್ ಅಲ್ಲ.

ಒಂದೇ ಮಾತು ನೆನಪಿಟ್ಟುಕೊಳ್ಳಿ: ಬರೀ ನಂಬರ್ ನೋಡಿ ಮಾತ್ರೆ ನುಂಗಬೇಡಿ. ಗಂಡಸಿನ ಮೈಯಲ್ಲಿ ಈಸ್ಟ್ರೋಜನ್ ಹೊರಗಿನಿಂದ ಬಂದದ್ದಲ್ಲ. ನಿಮ್ಮದೇ ಟೆಸ್ಟೋಸ್ಟಿರೋನ್‌ನ ಒಂದು ಪಾಲನ್ನು ಅರೋಮಟೇಸ್ ಅನ್ನುವ ಕಿಣ್ವ ಈಸ್ಟ್ರೋಜನ್ ಮಾಡುತ್ತದೆ. ಹೆಚ್ಚಾಗಿ ಈ ಕೆಲಸ ನಡೆಯುವುದು ಕೊಬ್ಬಿನಲ್ಲಿ. ಮೂಲ ಜಾಸ್ತಿಯಾದರೆ ಅದೂ ಜಾಸ್ತಿಯಾಗುತ್ತದೆ.

ಅದು ಇಲ್ಲದಿದ್ದರೆ ಏನಾಗುತ್ತದೆ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಕರಣ ಹೇಳಲೇಬೇಕು. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ವಿಷಯ ಪ್ರಕಟಿಸಿದರು. ಎತ್ತರ 204 ಸೆಂಟಿಮೀಟರ್, ಅಂದರೆ ಆರೂ ಮುಕ್ಕಾಲು ಅಡಿಯ ಹತ್ತಿರ. ಗಡ್ಡ, ದನಿ, ಎಲ್ಲ ಗಂಡಸಿನದೇ. ಟೆಸ್ಟೋಸ್ಟಿರೋನ್ ಸರಿಯಾಗಿತ್ತು. ಆದರೂ ಆತ ದೊಡ್ಡವನಾದ ಮೇಲೂ ಬೆಳೆಯುತ್ತಲೇ ಇದ್ದ! ಎಕ್ಸ್‌ರೇ ತೆಗೆದರೆ ಮೂಳೆಗಳ ವಯಸ್ಸು 15. ಹದಿಹರೆಯ ಮುಗಿಯುವಾಗ ಮುಚ್ಚಿಕೊಳ್ಳಬೇಕಾದ ಬೆಳವಣಿಗೆಯ ಜಾಗ ಇನ್ನೂ ತೆರೆದೇ ಇತ್ತು. ಮೂಳೆಯ ಗಟ್ಟಿತನವೂ ಕಡಿಮೆ. ಕಾರಣ ಏನು ಗೊತ್ತಾ? ಆತನ ರಕ್ತದಲ್ಲಿ ಈಸ್ಟ್ರೋಜನ್ ಬೇಕಾದಷ್ಟಿತ್ತು, ಆದರೆ ಜೀನ್‌ನಲ್ಲಿದ್ದ ದೋಷದಿಂದ ಅದನ್ನು ಹಿಡಿದುಕೊಳ್ಳುವ ಗ್ರಾಹಕವೇ ಕೆಲಸ ಮಾಡುತ್ತಿರಲಿಲ್ಲ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಈಸ್ಟ್ರೋಜನ್ ಕೊಟ್ಟು ನೋಡಿದರು. ಮೈ ಜಪ್ಪಯ್ಯ ಅನ್ನಲಿಲ್ಲ.

ಸ್ವಲ್ಪ ತಾಳಿ, ಇದಕ್ಕೆ ಜೋಡಿ ಕಥೆ ಇದೆ. 1997ರಲ್ಲಿ ಇಟಲಿಯಿಂದ ಇನ್ನೊಬ್ಬ ಗಂಡಸಿನ ವರದಿ ಬಂತು. ಈತನಲ್ಲಿ ಅರೋಮಟೇಸ್ ಕೆಟ್ಟಿತ್ತು, ಹಾಗಾಗಿ ಈಸ್ಟ್ರೋಜನ್ನೇ ತಯಾರಾಗುತ್ತಿರಲಿಲ್ಲ. ಟೆಸ್ಟೋಸ್ಟಿರೋನ್ ಕೊಟ್ಟರು, ಮೂಳೆಗೆ ಏನೂ ಪ್ರಯೋಜನ ಇಲ್ಲ. ಈಸ್ಟ್ರೋಜನ್ ಕೊಟ್ಟರು, ಬೆಳವಣಿಗೆಯ ಜಾಗ ಮುಚ್ಚಿತು, ಮೂಳೆ ಗಟ್ಟಿಯಾಯಿತು. ಗಂಡಸಿನ ಮೂಳೆ ಸ್ವಾಮಿ! ಇದನ್ನು ಹೇಳುವಾಗ ನನಗೆ ಈಗಲೂ ಹುರುಪು ಬರುತ್ತದೆ.

ಹೊತ್ತು ಓಡಿತು, ಉಳಿದದ್ದು ಬೇಗ ಹೇಳುತ್ತೇನೆ. ಬಾಸ್ಟನ್‌ನಲ್ಲಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗಂಡಸರಿಗೆ ಟೆಸ್ಟೋಸ್ಟಿರೋನ್ ಕೊಟ್ಟು, ಅದು ಈಸ್ಟ್ರೋಜನ್ ಆಗದಂತೆ ಅದೇ ಅನಾಸ್ಟ್ರಜೋಲ್‌ನಿಂದ ತಡೆದರು. ಮೈಯಲ್ಲಿ ಕೊಬ್ಬು ಏರಿತು, ಲೈಂಗಿಕ ಆಸೆ ಇಳಿಯಿತು. ಯಾವುದಕ್ಕಾಗಿ ಚಿಕಿತ್ಸೆಗೆ ಬಂದಿರಿ, ಅದನ್ನೇ ಕಳೆದುಕೊಳ್ಳುವುದು ಅಂದರೆ ಇದೇ ಅಲ್ವಾ? ಅದಕ್ಕೇ ಮತ್ತೆ ಹೇಳುತ್ತೇನೆ, ಬರೀ ನಂಬರ್ ನೋಡಿ ಮಾತ್ರೆ ಬೇಡ.

ಹಾಗಾದರೆ ನಿಜವಾಗಿ ತೊಂದರೆ ಆದರೆ? ಮೊಲೆತೊಟ್ಟಿನ ಕೆಳಗೆ ನೋವು, ಎದೆ ಉಬ್ಬುವುದು ಶುರುವಾದರೆ ನಾಚಿಕೆ ಬಿಟ್ಟು ಬನ್ನಿ. ಒಂದೇ ಕಡೆ ಗಟ್ಟಿ ಗಂಟು ಸಿಕ್ಕರೆ ಒಂದು ದಿನವೂ ಕಾಯಬೇಡಿ. ನಾವು ಮೊದಲು ನೋಡುವುದು ಡೋಸ್. ಎರಡು ಮೂರು ವಾರಕ್ಕೊಂದು ದೊಡ್ಡ ಇಂಜೆಕ್ಷನ್ ತೆಗೆದುಕೊಂಡರೆ ಮೊದಲ ಕೆಲವು ದಿನ ಟೆಸ್ಟೋಸ್ಟಿರೋನ್ ಜೋರಾಗಿ ಏರುತ್ತದೆ, ಈಸ್ಟ್ರೋಜನ್ನೂ ಅದರ ಹಿಂದೆಯೇ ಹೋಗುತ್ತದೆ. ಅದೇ ಔಷಧಿಯನ್ನು ಪಾಲು ಮಾಡಿ ವಾರಕ್ಕೊಮ್ಮೆ ಕೊಟ್ಟರೆ, ಇಲ್ಲವೇ ಜೆಲ್‌ಗೆ ಬದಲಿಸಿದರೆ, ಏರಿಳಿತ ಕಡಿಮೆ. ಹೊಟ್ಟೆ ಕರಗಿಸಿದರೆ ಈಸ್ಟ್ರೋಜನ್ ಮಾಡುವ ಜಾಗವೇ ಕಡಿಮೆಯಾಗುತ್ತದೆ. ಕುಡಿತ ಇಳಿಸಿ. ಡೋಸ್ ಬದಲಿಸುವುದು ಮಾತ್ರ ನಿಮ್ಮ ಡಾಕ್ಟರ ಕೆಲಸ, ಜಿಮ್ ಗೆಳೆಯನದ್ದಲ್ಲ.

ಕೊನೆಗೆ ಮದುವೆಯಾಗಿ ಮಗುವಿಗಾಗಿ ಕಾಯುತ್ತಿರುವ ಹುಡುಗರಿಗೆ. ಟೆಸ್ಟೋಸ್ಟಿರೋನ್ ಹೊರಗಿನಿಂದ ಬಂದರೆ ಮೆದುಳು ವೃಷಣಗಳಿಗೆ ಕೊಡುವ ಸೂಚನೆ ನಿಲ್ಲಿಸುತ್ತದೆ, ವೀರ್ಯಾಣುಗಳು ಇಳಿದುಹೋಗುತ್ತವೆ. ಮೊದಲ ಇಂಜೆಕ್ಷನ್‌ಗೂ ಮುಂಚೆಯೇ "ನಮಗೆ ಮಗು ಬೇಕು" ಅಂತ ಡಾಕ್ಟರಿಗೆ ಹೇಳಿ. ಬೇರೆ ಔಷಧಿಗಳಿವೆ. ನಮಸ್ಕಾರ.